ನೆಲದಡಿಯಿಂದ ಮನೆಗೆ ಶಾಖ: ಹಳೆಯ ಮನೆಯಲ್ಲಿ, ಹೊಸ ಮನೆಯಲ್ಲಿ

ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ನಮ್ಮ ಹಳ್ಳಿಗಳ ಜನ ಮೈ ಕಾಯಿಸಿಕೊಳ್ಳುವ ಸ್ಥಳಗಳು ಮೂರು. ಅಂಗಳದಲ್ಲಿ ತರಗೆಲೆ, ಪುಳ್ಳೆ ಹಾಕಿ ಹೊತ್ತಿಸಿದ ಉರಿ ಒಂದು. ಬಚ್ಚಲುಮನೆಯ ಹಂಡೆಯೊಲೆ ಎರಡನೆಯದು. ಕೋಣೆಯೊಳಗೆ ಇಟ್ಟುಕೊಳ್ಳುವ ಕೆಂಡದ ಅಗ್ಗಿಷ್ಟಿಕೆ ಮೂರನೆಯದು. ಅಂಗಳದ ಉರಿಯ ಹೊಗೆ ಆಕಾಶಕ್ಕೆ ಹೋಗುತ್ತದೆ. ಹಂಡೆಯೊಲೆಯ ಹೊಗೆ ಹೊಗೆಗೂಡಿನಿಂದಲೋ ಹೆಂಚಿನ ಸಂದಿನಿಂದಲೋ ಹೊರಬೀಳುತ್ತದೆ. ಆದರೆ ಬಾಗಿಲು ಮುಚ್ಚಿದ ಕೋಣೆಯೊಳಗಿನ ಕೆಂಡದ ವಿಷಗಾಳಿಗೆ ಹೋಗಲು ದಾರಿಯಿಲ್ಲ. ಅದು ಅಲ್ಲಿ ಮಲಗಿದವರ ಶ್ವಾಸಕೋಶವನ್ನೇ ಸೇರುತ್ತದೆ. ಅಂಥ ಕೋಣೆಯಲ್ಲಿ ನಾವು ಮಲಗಿಸುವುದು ಯಾರನ್ನು? ಹೆಚ್ಚಾಗಿ ಬಾಣಂತಿಯನ್ನು, ಹಸುಗೂಸನ್ನು, ಮುದುಕರನ್ನು.

ನಮಗಿಂತ ಎಷ್ಟೋ ಪಾಲು ಹೆಚ್ಚು ಚಳಿಯಿರುವ ದೇಶಗಳಲ್ಲಿ ಜನರು ಈ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡಿದ್ದಾರೆ. ಬೆಂಕಿಯನ್ನು ಕೋಣೆಯ ಹೊರಗಿಟ್ಟು, ಅದರ ಶಾಖವನ್ನು ಮಾತ್ರ ನೆಲದ ಕೆಳಗಿನಿಂದ ಒಳಕ್ಕೆ ಬರಮಾಡಿಕೊಳ್ಳುವುದೇ ಆ ಉತ್ತರ. ಇದನ್ನು ಹಳೆಯ ಮನೆಗಳಲ್ಲಿ ಹೇಗೆ ಮಾಡುತ್ತಾರೆ, ಹೊಸ ಮನೆಗಳಲ್ಲಿ ಹೇಗೆ ಮಾಡುತ್ತಾರೆ, ಇದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ನೆಲ ಬೆಚ್ಚಗಿದ್ದರೆ ಅನುಕೂಲವೇನು?

ಬೇಸಿಗೆಯ ಬಿಸಿಲಿಗೆ ಕಾದ ಜಗಲಿಯ ಚಪ್ಪಡಿ ಕಲ್ಲು ದೀಪ ಹಚ್ಚುವ ಹೊತ್ತಾದರೂ ಬೆಚ್ಚಗಿರುವುದನ್ನು ಎಲ್ಲರೂ ಬಲ್ಲರು. ಕಲ್ಲು, ಇಟ್ಟಿಗೆ, ಗಾರೆ ಇವು ನಿಧಾನವಾಗಿ ಕಾಯುತ್ತವೆ, ನಿಧಾನವಾಗಿ ಆರುತ್ತವೆ. ಕಾದ ಕಲ್ಲಿನ ಮೇಲೆ ಕೂತವನ ಮೈಗೆ ಶಾಖ ನೇರವಾಗಿ ತಗಲುತ್ತದೆ.

ಕೋಣೆಯ ಮೂಲೆಯಲ್ಲಿ ಒಲೆ ಹೊತ್ತಿಸಿದಾಗ ಆಗುವುದು ಬೇರೆ. ಕಾದ ಗಾಳಿ ಹಗುರವಾಗಿ ಮೇಲಕ್ಕೇರಿ ಸೂರನ್ನು ಸೇರುತ್ತದೆ. ತಲೆ ಕಾಯುತ್ತದೆ, ಕಾಲು ಕೊರೆಯುತ್ತದೆ. ನೆಲವೇ ಬೆಚ್ಚಗಾದರೆ ಮೊದಲು ಕಾಲು, ಆಮೇಲೆ ಮೈ, ಕೊನೆಗೆ ತಲೆ ಬೆಚ್ಚಗಾಗುತ್ತದೆ. ನೆಲದ ಮೇಲೆ ಕುಳಿತು ಉಣ್ಣುವ, ನೆಲದ ಮೇಲೆ ಹಾಸಿಕೊಂಡು ಮಲಗುವ ಜನರಿಗೆ ಇದಕ್ಕಿಂತ ಒಪ್ಪುವ ಏರ್ಪಾಡಿಲ್ಲ.

"ನೆಲದ ಕೆಳಗೆ ಬೆಂಕಿ ಹಾಕಿದರೆ ಕಾಲು ಸುಡುವುದಿಲ್ಲವೇ?" ಎಂದು ಕೆಲವರು ಕೇಳುವುದುಂಟು. ಸುಡುವುದಿಲ್ಲ. ಜನರು ವಾಸಿಸುವ ಕೋಣೆಯ ನೆಲ ೨೯ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಕಾಯಬಾರದೆಂದು ಯೂರೋಪಿನಲ್ಲಿ ಕಟ್ಟಡ ಕಟ್ಟುವವರು ಮಿತಿ ಇಟ್ಟುಕೊಂಡಿದ್ದಾರೆ. ನಮ್ಮ ಮೈಯ ಶಾಖ ೩೭ ಡಿಗ್ರಿ. ಆದುದರಿಂದ ಆ ನೆಲವನ್ನು ಮುಟ್ಟಿ ನೋಡಿದರೆ ಬಿಸಿಯೆನಿಸದು. ತಣ್ಣಗಿಲ್ಲ ಎಂದಷ್ಟೇ ಅನಿಸುತ್ತದೆ. ಅಷ್ಟೇ ಸಾಕು.

ಕೊರಿಯ ದೇಶದ ಹಳೆಯ ಮನೆ

ಈ ವಿದ್ಯೆ ಹೊಸತಲ್ಲ. ರೋಮನ್ನರು ತಮ್ಮ ಸ್ನಾನಗೃಹಗಳ ನೆಲವನ್ನು ಎರಡಡಿ ಎತ್ತರದ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಅದರಡಿಯಲ್ಲಿ ಬೆಂಕಿಯ ಬಿಸಿಗಾಳಿಯನ್ನು ಹಾಯಿಸುತ್ತಿದ್ದರು. ಆದರೆ ಬಡವನ ಗುಡಿಸಲಿನಿಂದ ಅರಮನೆಯವರೆಗೆ ಎಲ್ಲ ಮನೆಗಳಲ್ಲೂ ಇದನ್ನು ರೂಢಿಗೆ ತಂದವರು ಕೊರಿಯದ ಜನ. ಅವರು ಇದನ್ನು 'ಓಂಡೋಲ್' ಎನ್ನುತ್ತಾರೆ. ದಕ್ಷಿಣ ಕೊರಿಯ ಸರ್ಕಾರವು ೨೦೧೮ರಲ್ಲಿ ಈ ಪದ್ಧತಿಯನ್ನು ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಅವರ ಹಳೆಯ ಮನೆಯ ರಚನೆ ಹೀಗಿದೆ. ಅಡುಗೆಮನೆಯ ನೆಲ ಮಲಗುವ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ಅಡುಗೆಯ ಒಲೆಯ ಬಾಯಿ ಅಡುಗೆಮನೆಯ ಕಡೆಗೆ. ಒಲೆಯ ಬೆನ್ನು ಮಲಗುವ ಕೋಣೆಯ ಗೋಡೆಗೆ. ಒಲೆಯ ಉರಿ ಮತ್ತು ಹೊಗೆ ಆ ಗೋಡೆಯ ಅಡಿಯಲ್ಲಿ ನುಸುಳಿ, ಕೋಣೆಯ ನೆಲದ ಕೆಳಗೆ ಕಟ್ಟಿರುವ ಸಾಲು ಸಾಲು ಕಾಲುವೆಗಳಲ್ಲಿ ಹರಿಯುತ್ತದೆ. ಕಾಲುವೆಗಳ ಮೇಲೆ ಚಪ್ಪಡಿ ಕಲ್ಲುಗಳನ್ನು ಮುಚ್ಚಿ, ಸಂದುಗಳಿಗೆ ಮಣ್ಣು ಮೆತ್ತಿ, ಮೇಲೆ ಮಣ್ಣಿನ ಗಿಲಾವು ಮಾಡಿ, ಅದರ ಮೇಲೆ ಎಣ್ಣೆ ಹಚ್ಚಿದ ದಪ್ಪ ಕಾಗದವನ್ನು ಅಂಟಿಸುತ್ತಾರೆ. ಹೊಗೆ ಕೋಣೆಯ ಉದ್ದಕ್ಕೂ ಹಾದು ತನ್ನ ಬಿಸಿಯನ್ನೆಲ್ಲ ಕಲ್ಲಿಗೆ ಕೊಟ್ಟು, ಎದುರು ದಿಕ್ಕಿನ ಹೊಗೆಗೂಡಿನಿಂದ ಹೊರಗೆ ಹೋಗುತ್ತದೆ.

ಇದರಲ್ಲಿ ಗಮನಿಸಬೇಕಾದ ಜಾಣತನ ಮೂರು. ಮೊದಲನೆಯದು, ಅನ್ನ ಬೇಯಿಸಿದ ಬೆಂಕಿಯೇ ಮನೆಯನ್ನೂ ಕಾಯಿಸುತ್ತದೆ; ಬೇರೆ ಸೌದೆ ಹೆಚ್ಚು ಬೇಡ. ಎರಡನೆಯದು, ಒಲೆಗೆ ಹತ್ತಿರವಾದ ಭಾಗ ಹೆಚ್ಚು ಕಾಯುವುದರಿಂದ ಅಲ್ಲಿ ಮಣ್ಣಿನ ಪದರವನ್ನು ದಪ್ಪವಾಗಿಯೂ, ದೂರದ ಕಡೆಗೆ ತೆಳುವಾಗಿಯೂ ಮೆತ್ತುತ್ತಾರೆ. ಆದರೂ ಒಲೆಯ ಕಡೆಯ ಜಾಗವೇ ಹೆಚ್ಚು ಬೆಚ್ಚಗಿರುತ್ತದೆ. ಆ ಜಾಗ ಮನೆಯ ಹಿರಿಯರಿಗೆ, ಬಂದ ಅತಿಥಿಗಳಿಗೆ ಮೀಸಲು. ಮೂರನೆಯದು, ಹೊಗೆಗೂಡಿಗೆ ಮುಂಚೆ ಒಂದು ಆಳವಾದ ಗುಂಡಿ. ಬೂದಿ, ಮಸಿ ಅಲ್ಲಿ ಬಿದ್ದು ನಿಲ್ಲುತ್ತದೆ. ಹೊರಗಿನ ಗಾಳಿ ತಿರುಗಿ ಹೊಡೆದರೂ ಹೊಗೆ ಒಳಕ್ಕೆ ಮರಳದು.

ಬಿರುಕಿನಲ್ಲಿ ಬಂದ ಮೃತ್ಯು

ಇಷ್ಟು ಒಳ್ಳೆಯ ಪದ್ಧತಿಗೂ ಒಂದು ದೊಡ್ಡ ಗಂಡಾಂತರ ಬಂದಿತು. ೧೯೫೦ರಿಂದ ೧೯೫೩ರವರೆಗೆ ನಡೆದ ಯುದ್ಧದಲ್ಲಿ ಕೊರಿಯ ದೇಶ ಜರ್ಜರಿತವಾಯಿತು. ಕಾಡು ಬರಿದಾಗಿ ಸೌದೆ ಸಿಗದಾಯಿತು. ಸರ್ಕಾರವು ಕಾಡನ್ನು ಉಳಿಸುವ ಸಲುವಾಗಿ ಕಲ್ಲಿದ್ದಲ ಪುಡಿಯಿಂದ ಅಚ್ಚು ಹಾಕಿದ, ಜೇನುಗೂಡಿನಂತೆ ತೂತುಗಳಿರುವ ಇದ್ದಲ ಬಿಲ್ಲೆಗಳ ಬಳಕೆಗೆ ಉತ್ತೇಜನ ಕೊಟ್ಟಿತು. ಬೆಲೆ ಅಗ್ಗ; ಒಂದು ಬಿಲ್ಲೆ ರಾತ್ರಿಯೆಲ್ಲ ನಿಧಾನವಾಗಿ ಉರಿಯುತ್ತದೆ; ಹೊಗೆ ಕಾಣಿಸುವುದಿಲ್ಲ. ಜನ ಸಂತೋಷದಿಂದ ಒಪ್ಪಿದರು.

ಆದರೆ ಹೊಗೆ ಕಾಣದಿದ್ದುದೇ ಅಪಾಯವಾಯಿತು. ಗಾಳಿ ಸಾಲದೆ ಉರಿಯುವ ಇದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನೆಲದ ಮಣ್ಣಿನ ಗಿಲಾವಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಕೋಣೆಗೆ ನುಗ್ಗುತ್ತಿತ್ತು. ಸೌದೆಯ ಹೊಗೆಯಾಗಿದ್ದರೆ ಕೆಮ್ಮು ಬಂದು ಎಚ್ಚರವಾಗುತ್ತಿತ್ತು. ಇದ್ದಲ ಗಾಳಿಯಲ್ಲಿ ಎಚ್ಚರವಾಗಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಇಡೀ ಸಂಸಾರವೇ ಹಾಸಿಗೆಯಿಂದ ಏಳದಿದ್ದ ಸುದ್ದಿ ಆ ದೇಶದಲ್ಲಿ ವರ್ಷ ವರ್ಷವೂ, ದಶಕಗಳ ಕಾಲ, ಕೇಳಿಬರುತ್ತಿತ್ತು.

ಈ ಅನಿಲ ಕೊಲ್ಲುವ ಬಗೆ ಹೀಗೆ. ನಾವು ಉಸಿರಾಡಿದ ಪ್ರಾಣವಾಯುವನ್ನು ಮೈಯ ಮೂಲೆ ಮೂಲೆಗೆ ಹೊತ್ತೊಯ್ಯುವುದು ರಕ್ತದ ಕೆಂಪು ದ್ರವ್ಯ. ಪ್ರಾಣವಾಯುವಿಗಿಂತ ೨೦೦ಕ್ಕೂ ಹೆಚ್ಚು ಪಾಲು ಬಿಗಿಯಾಗಿ ಈ ವಿಷಾನಿಲ ಆ ಕೆಂಪು ದ್ರವ್ಯವನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಬೇಡದವರು ಆಕ್ರಮಿಸಿದರೆ ಬೇಕಾದವರಿಗೆ ಜಾಗವಿಲ್ಲದಂತೆ, ಪ್ರಾಣವಾಯುವಿಗೆ ರಕ್ತದಲ್ಲಿ ಎಡೆಯಿಲ್ಲದಾಗುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ತಡೆಯಲಾರದ ಮಂಪರು. ಕೊನೆಗೆ ಏಳಲಾರದ ನಿದ್ರೆ.

ಹೊಗೆಯ ಬದಲು ಬಿಸಿನೀರು

ಈ ಕೇಡನ್ನು ಕೊರಿಯದವರು ನಿವಾರಿಸಿಕೊಂಡುದು ನೆಲದಡಿಯ ಶಾಖವನ್ನು ಬಿಟ್ಟಲ್ಲ. ನೆಲದಡಿಯಲ್ಲಿ ಹರಿಯುವ ವಸ್ತುವನ್ನು ಬದಲಾಯಿಸಿ. ಹೊಗೆಯ ಬದಲು ಕೊಳವೆಗಳಲ್ಲಿ ಬಿಸಿನೀರು ಹರಿಸಿದರು. ಬೆಂಕಿ, ಹೊಗೆ ಎರಡೂ ಮನೆಯ ಹೊರಮೂಲೆಯ ಬಾಯ್ಲರಿನಲ್ಲೇ ಉಳಿದವು. ನೆಲ ಬಿರುಕು ಬಿಟ್ಟರೂ ವಿಷಗಾಳಿ ಒಳಬರುವ ಪ್ರಶ್ನೆಯೇ ಇಲ್ಲ. ಇಂದು ಆ ದೇಶದ ಬಹುಮಹಡಿ ಮನೆಗಳಲ್ಲಿಯೂ ನೆಲ ಕಾಯುವುದು ಹೀಗೆಯೇ.

ಅಮೆರಿಕದ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಪಾನಿಗೆ ಹೋಗಿದ್ದಾಗ ಒಂದು ಕೊರಿಯ ಮಾದರಿಯ ಕೋಣೆಯಲ್ಲಿ ಕುಳಿತು ಈ ಸುಖವನ್ನು ಅನುಭವಿಸಿದರು. ಮುಂದೆ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ೧೯೩೭ರಲ್ಲಿ ಪೂರ್ಣಗೊಂಡ ಜೇಕಬ್ಸ್ ಮನೆಯಲ್ಲಿ ಕಾಂಕ್ರೀಟ್ ನೆಲದಡಿಯಲ್ಲಿ ಕೊಳವೆ ಹಾಕಿಸಿ ಅದನ್ನು ಬಳಕೆಗೆ ತಂದರು. ಎರಡನೆಯ ಮಹಾಯುದ್ಧದ ನಂತರ ನ್ಯೂಯಾರ್ಕಿನ ಹತ್ತಿರ ಲೆವಿಟೌನ್ ಎಂಬಲ್ಲಿ ಸಾವಿರಾರು ಸಣ್ಣ ಮನೆಗಳ ನೆಲದೊಳಗೆ ತಾಮ್ರದ ಕೊಳವೆ ಹುದುಗಿಸಿದರು. ಕಾಲಕ್ರಮದಲ್ಲಿ ಎಷ್ಟೋ ಮನೆಗಳ ಕೊಳವೆಗಳು ಸೋರತೊಡಗಿದವು. ಗಾರೆಯೊಳಗಿನ ಸೋರಿಕೆಯನ್ನು ಹುಡುಕಬೇಕಾದರೆ ನೆಲವನ್ನೇ ಅಗೆಯಬೇಕು. ೧೯೬೦ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ತುಕ್ಕು ಹಿಡಿಯದ, ಬಾಗಿಸಬಹುದಾದ, ಬಿಸಿನೀರನ್ನು ತಾಳಬಲ್ಲ ಒಂದು ಬಗೆಯ ಪಾಲಿಥೀನ್ ಕೊಳವೆ ಸಿದ್ಧವಾಯಿತು. ಒಂದು ಕೋಣೆಗೆ ಒಂದೇ ಕೊಳವೆ, ನಡುವೆ ಎಲ್ಲಿಯೂ ಜೋಡಣೆಯಿಲ್ಲ. ಇದು ಬಂದ ಮೇಲೆ ಈ ಪದ್ಧತಿ ಚಳಿ ದೇಶಗಳಲ್ಲೆಲ್ಲ ಹರಡಿತು.

ಹೊಸ ಮನೆಯಲ್ಲಿ ಕೊಳವೆ ಹಾಕುವ ಕ್ರಮ

ಹೊಸದಾಗಿ ಕಟ್ಟುವ ಮನೆಯಲ್ಲಿ ಕೆಲಸ ಸುಲಭ. ಕ್ರಮ ತಪ್ಪಬಾರದು, ಅಷ್ಟೇ.

೧. ನೆಲವನ್ನು ಚೆನ್ನಾಗಿ ದಮ್ಮಸ್ಸು ಮಾಡಿ ಕಾಂಕ್ರೀಟ್ ಹಾಕಿ, ತೇವ ಮೇಲೇರದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ.

೨. ಅದರ ಮೇಲೆ ಶಾಖವನ್ನು ತಡೆಯುವ ಹಗುರವಾದ ಹಲಗೆಗಳನ್ನು ನಾಲ್ಕು ಅಂಗುಲದಷ್ಟು ಅಥವಾ ಅದಕ್ಕೂ ದಪ್ಪಕ್ಕೆ ಜೋಡಿಸುತ್ತಾರೆ. ಇದು ಅತಿ ಮುಖ್ಯ. ಇದಿಲ್ಲದಿದ್ದರೆ ಶಾಖದ ದೊಡ್ಡ ಪಾಲು ಭೂಮಿಯ ಪಾಲಾಗುತ್ತದೆ. ಕಟ್ಟೆಯೊಡೆದ ಕೆರೆಗೆ ನೀರು ತುಂಬಿಸಿದಂತೆ.

೩. ಗೋಡೆಯ ಬುಡದ ಸುತ್ತ ಬೆರಳಗಲದಷ್ಟು ದಪ್ಪದ ಮೆತ್ತನೆಯ ಪಟ್ಟಿ ಇಡುತ್ತಾರೆ. ಕಾದ ನೆಲ ಹಿಗ್ಗುತ್ತದೆ. ಹಿಗ್ಗಲು ಎಡೆ ಇರದಿದ್ದರೆ ಬಿರುಕು ಬಿಡುತ್ತದೆ.

೪. ಸಾಮಾನ್ಯವಾಗಿ ೧೬ ಮಿಲಿಮೀಟರ್ ದಪ್ಪದ ಕೊಳವೆಯನ್ನು ಆರು ಅಂಗುಲಕ್ಕೊಂದು ಸಾಲಿನಂತೆ ಸುರುಳಿಯಾಗಿ ಹಾಸುತ್ತಾರೆ. ಹತ್ತು ಅಡಿಗೆ ಹದಿಮೂರು ಅಡಿಯ ಕೋಣೆಗೆ ಸುಮಾರು ೮೦ ಮೀಟರ್ ಕೊಳವೆ ಬೇಕು. ಒಂದು ಸುರುಳಿ ನೂರು ಮೀಟರಿಗಿಂತ ಉದ್ದವಾಗದಂತೆ ನೋಡಿಕೊಳ್ಳುತ್ತಾರೆ. ಕಾರಣ ರೈತರಿಗೆ ಹೇಳಬೇಕಾದ್ದಿಲ್ಲ: ಕಾಲುವೆ ಉದ್ದವಾದಷ್ಟೂ ಕಡೆಯ ಗದ್ದೆಯವನಿಗೆ ನೀರು ಕಡಿಮೆ. ಇಲ್ಲಿ ಕಡೆಯ ಮೂಲೆಗೆ ಶಾಖ ಕಡಿಮೆ.

೫. ಎಲ್ಲ ಕೋಣೆಗಳ ಕೊಳವೆಗಳ ತುದಿಗಳನ್ನೂ ಒಂದೆಡೆಗೆ ತಂದು, ಒಂದೊಂದಕ್ಕೂ ಒಂದೊಂದು ತಿರುಪು ಇಡುತ್ತಾರೆ. ತೂಬು ಎತ್ತಿ ಇಳಿಸಿದಂತೆ, ಬೇಕಾದ ಕೋಣೆಗೆ ನೀರು ಬಿಡಬಹುದು, ಬೇಡವಾದುದಕ್ಕೆ ನಿಲ್ಲಿಸಬಹುದು.

೬. ಗಾರೆ ಹಾಕುವ ಮೊದಲೇ ಕೊಳವೆಗೆ ನೀರು ತುಂಬಿ, ಬಳಕೆಯಲ್ಲಿರುವುದಕ್ಕಿಂತ ಹೆಚ್ಚು ಒತ್ತಡ ಕೊಟ್ಟು, ಸೋರಿಕೆಯಿಲ್ಲವೆಂದು ಖಚಿತ ಮಾಡಿಕೊಳ್ಳತಕ್ಕದ್ದು. ಗಾರೆ ಹಾಕುವಾಗಲೂ ಒತ್ತಡವನ್ನು ಇಳಿಸುವುದಿಲ್ಲ. ಗುದ್ದಲಿ ತಗಲಿ ತೂತಾದರೆ ಆಗಲೇ ಗೊತ್ತಾಗಬೇಕು.

೭. ಸಿಮೆಂಟು ಮರಳಿನ ಗಾರೆಯನ್ನು ಎರಡೂವರೆ ಮೂರು ಅಂಗುಲ ದಪ್ಪಕ್ಕೆ ಹಾಕಿ, ಕನಿಷ್ಠ ೨೧ ದಿನ ಹದವಾಗಲು ಬಿಡಬೇಕು. ಆಮೇಲೆ ಮೊದಲ ಮೂರು ದಿನ ೨೦-೨೫ ಡಿಗ್ರಿಯ ನೀರನ್ನು ಮಾತ್ರ ಹರಿಸಿ, ಅನಂತರ ಶಾಖವನ್ನು ಏರಿಸಬೇಕು. ಆತುರಪಟ್ಟು ಹಸಿಗಾರೆಯನ್ನು ಕಾಯಿಸಿದರೆ ನೆಲ ಒಡೆಯುತ್ತದೆ.

ಇಂಥ ನೆಲಕ್ಕೆ ೩೫ರಿಂದ ೪೫ ಡಿಗ್ರಿಯ ನೀರು ಸಾಕು. ಅಂದರೆ ನಾವು ಮೀಯುವ ನೀರಿನ ಬಿಸಿ. ಕುದಿಯುವ ನೀರು ಬೇಡವಾದ್ದರಿಂದ ಇಂಧನ ಉಳಿಯುತ್ತದೆ. ಹೊರಗಿನ ಗಾಳಿಯ ಶಾಖವನ್ನೇ ಹೀರಿ ನೀರಿಗೆ ಕೊಡುವ ವಿದ್ಯುತ್ ಯಂತ್ರಗಳೂ ಬಂದಿವೆ. ತಂಗಳು ಪೆಟ್ಟಿಗೆಯ ಕೆಲಸವನ್ನು ತಿರುಗುಮುರುಗು ಮಾಡಿದರೆ ಹೇಗೋ ಹಾಗೆ. ಮೇಲುಹೊದಿಕೆಗೆ ಕಲ್ಲು, ಟೈಲ್ಸ್ ಉತ್ತಮ. ದಪ್ಪ ಜಮಖಾನ ಹಾಸಿದರೆ ಶಾಖ ಕೆಳಗೇ ಉಳಿಯುತ್ತದೆ.

ಹಳೆಯ ಮನೆಯಲ್ಲಿ ಎಚ್ಚರಿಕೆ

ಹಳೆಯ ಮನೆಯಲ್ಲಿ ಕೊಳವೆಯ ಮಾತೆತ್ತುವ ಮುಂಚೆ ಒಂದು ಲೆಕ್ಕ ಮಾಡಬೇಕು. ೨೯ ಡಿಗ್ರಿಯ ನೆಲವು ೨೦ ಡಿಗ್ರಿಯ ಕೋಣೆಗೆ, ಒಂದು ಚದರ ಮೀಟರಿಗೆ ಸುಮಾರು ೧೦೦ ವ್ಯಾಟ್ ಶಾಖ ಕೊಡಬಲ್ಲದು. ಅಷ್ಟೇ ಅದರ ಶಕ್ತಿ. ಗೋಡೆ, ಸೂರು, ಕಿಟಕಿಗಳ ಮೂಲಕ ಅದಕ್ಕಿಂತ ಹೆಚ್ಚು ಶಾಖ ಸೋರಿಹೋಗುವ ಮನೆಯನ್ನು ನೆಲದ ಶಾಖವೊಂದೇ ಬೆಚ್ಚಗಿಡಲಾರದು. ಆದುದರಿಂದ ಯೂರೋಪಿನಲ್ಲಿ ತಿಳಿದವರು ಹೇಳುವ ಮೊದಲ ಮಾತು: ಮೊದಲು ಸೋರಿಕೆ ನಿಲ್ಲಿಸು, ಆಮೇಲೆ ಕಾಯಿಸು. ಸೂರಿನ ಕೆಳಗೆ ಶಾಖತಡೆ ಹಾಕಿ, ಕಿಟಕಿ ಬಾಗಿಲುಗಳ ಸಂದು ಮುಚ್ಚಿದ ಮೇಲೆಯೇ ನೆಲದ ಕೆಲಸ.

ಎರಡನೆಯ ಮಾತು ಎತ್ತರದ್ದು. ಶಾಖತಡೆ, ಕೊಳವೆ, ಗಾರೆ ಎಲ್ಲ ಸೇರಿ ಆರೇಳು ಅಂಗುಲವಾಗುತ್ತದೆ. ಇದ್ದ ನೆಲದ ಮೇಲೆಯೇ ಹಾಕಿದರೆ ಬಾಗಿಲು ತೆರೆಯದು, ಹೊಸ್ತಿಲು ಹೂತುಹೋಗುತ್ತದೆ, ಮೆಟ್ಟಿಲ ಲೆಕ್ಕ ತಪ್ಪುತ್ತದೆ. ನೆಲವನ್ನು ಅಗೆದು ತಗ್ಗಿಸೋಣವೆಂದರೆ ಹಳೆಯ ಮನೆಗಳ ಪಾಯ ಆಳವಿರುವುದಿಲ್ಲ. ಗೋಡೆಯ ಬುಡವೇ ಸಡಿಲವಾದೀತು. ಅಂಥಲ್ಲಿ ಸುಮಾರು ಒಂದು ಅಂಗುಲದೊಳಗೆ ಮುಗಿಯುವ, ತೋಡು ಕೊರೆದ ತೆಳು ಹಲಗೆಗಳಲ್ಲಿ ಕೊಳವೆ ಕೂರಿಸುವ ಪದ್ಧತಿಯನ್ನು ಬಳಸುತ್ತಾರೆ. ಮರದ ಅಂತಸ್ತಾದರೆ ತೊಲೆಗಳ ನಡುವೆ ಲೋಹದ ತಗಡು ಹಾಸಿ ಅದರಲ್ಲಿ ಕೊಳವೆ ಇಡುತ್ತಾರೆ. ಒಂದೇ ಸಣ್ಣ ಬಚ್ಚಲುಮನೆಗಾದರೆ ವಿದ್ಯುತ್ತಿನ ತೆಳು ಚಾಪೆ ಸಾಕು. ಆದರೆ ವಿದ್ಯುತ್ ಸೋರಿದೊಡನೆ ತಾನೇ ಆರುವ ಸ್ವಿಚ್ ಇರಲೇಬೇಕು.

ಮೂರನೆಯ ಮಾತು ತೇವದ್ದು. ಸುಣ್ಣದ ಗಾರೆಯ ಹಳೆಯ ಗೋಡೆಗಳು, ಹಳೆಯ ನೆಲಗಳು ತೇವವನ್ನು ಹೀರುತ್ತವೆ, ಬಿಡುತ್ತವೆ. ನೆಲಕ್ಕೆ ಮಾತ್ರ ಪ್ಲಾಸ್ಟಿಕ್ ಹಾಳೆ ಬಿಗಿದರೆ ಅಲ್ಲಿಂದ ಹೊರಬರುತ್ತಿದ್ದ ತೇವ ಗೋಡೆಯನ್ನು ಹತ್ತಬಹುದು. ಅದಕ್ಕಾಗಿ ಹಳೆಯ ಕಲ್ಲುಮನೆಗಳಲ್ಲಿ ಸಿಮೆಂಟಿನ ಬದಲು ಸುಣ್ಣದ ಕಾಂಕ್ರೀಟನ್ನೇ ಹಾಕಿ ಕೊಳವೆ ಹುದುಗಿಸುವವರಿದ್ದಾರೆ. ಹಳೆಯ ಮನೆಯ ಸ್ವಭಾವ ತಿಳಿಯದೆ ಹೊಸ ಸಾಮಾನು ಹಾಕಬಾರದೆಂಬುದು ಇದರ ನೀತಿ.

ನಮ್ಮ ದೇಶದಲ್ಲಿ

ಇದೆಲ್ಲ ದೂರದೇಶದ ಮಾತು ಎಂದು ತಿಳಿಯಬೇಡಿ. ಬೀದರ್ ಕೋಟೆಯೊಳಗೆ ಸುಲ್ತಾನರ ಕಾಲದ ಶಾಹಿ ಹಮಾಮ್ ಎಂಬ ಸ್ನಾನಗೃಹವಿದೆ. ಹಮಾಮ್ ಎಂದರೆ ಬಿಸಿನೀರಿನ ಸ್ನಾನಗೃಹ. ಕಾಶ್ಮೀರದಲ್ಲಿ ಅದೇ ಹೆಸರಿನ ಏರ್ಪಾಡು ಇಂದಿಗೂ ಬಳಕೆಯಲ್ಲಿದೆ. ಅಲ್ಲಿನ ಮಸೀದಿಗಳಲ್ಲಿ ಹಮಾಮ್ ಎಂಬ ಕೋಣೆಯ ನೆಲ ದೊಡ್ಡ ಚಪ್ಪಡಿಗಳದು, ಅದರಡಿ ಟೊಳ್ಳು. ಹೊರಗಿನಿಂದ ಸೌದೆ ಹಾಕಿ ಉರಿಸುತ್ತಾರೆ. ಉರಿಯ ಮೇಲೆ ತಾಮ್ರದ ಹಂಡೆ ಕೂರಿಸಿರುವುದರಿಂದ ಕೈಕಾಲು ತೊಳೆಯಲು ಬಿಸಿನೀರೂ ಸಿಗುತ್ತದೆ. ಹೊಗೆ ಚಪ್ಪಡಿಯ ಅಡಿಯಲ್ಲಿ ಹಾದು ಹೊಗೆಗೂಡಿನಿಂದ ಹೊರಹೋಗುತ್ತದೆ. ಹಿಂದೆ ಮಸೀದಿ ಮತ್ತು ಸಿರಿವಂತರ ಮನೆಗಳಲ್ಲಿದ್ದ ಈ ಏರ್ಪಾಡನ್ನು ಈಗ ಹೊಸ ಮನೆ ಕಟ್ಟಿಸುವ ಎಷ್ಟೋ ಜನ ಒಂದು ಕೋಣೆಗೆ ಮಾಡಿಸಿಕೊಳ್ಳುತ್ತಿದ್ದಾರೆ.

ಹಾಗಾದರೆ ನಮ್ಮ ಮನೆಗಳಿಗೂ ಇದು ಬೇಕೆ? ಬೇಡ. ಕೊಡಗು, ಮಲೆನಾಡು, ಬೀದರ್ ಕಡೆಗಳಲ್ಲಿ ಚಳಿ ಬಿಡದಿದ್ದರೂ ಅದು ಕೆಲವೇ ವಾರಗಳ, ಅದೂ ರಾತ್ರಿಯ, ಮಾತು. ಹೆಂಚಿನ ಸಂದು ತೆರೆದಿರುವ ಮನೆಯ ನೆಲ ಕಾಯಿಸಿದರೆ ಕಾಯುವುದು ಆಕಾಶ. ಅಷ್ಟು ಹಣವನ್ನು ಬೇರೆ ಕೆಲಸಕ್ಕೆ ವಿನಿಯೋಗಿಸುವುದೇ ಮೇಲು. ಆದರೆ ಆ ಪದ್ಧತಿಯ ಹಿಂದಿರುವ ಎರಡು ಸೂತ್ರಗಳು ನಮಗೆ ಅವಶ್ಯವಾಗಿ ಬೇಕು.

ಮೊದಲ ಸೂತ್ರ: ಒಣನೆಲವೇ ಅರ್ಧ ಬೆಚ್ಚನೆಯ ನೆಲ. ನಮ್ಮ ಎಷ್ಟೋ ಮನೆಗಳಲ್ಲಿ ನೆಲ ಕೊರೆಯುವುದಕ್ಕೆ ಕಾರಣ ತೇವ. ಹೊಸ ಮನೆ ಕಟ್ಟುವವರು ನೆಲವನ್ನು ಅಂಗಳಕ್ಕಿಂತ ಒಂದೂವರೆ ಎರಡು ಅಡಿ ಎತ್ತರಿಸಿ, ಕಲ್ಲು ಜಲ್ಲಿ ತುಂಬಿ, ದಮ್ಮಸ್ಸು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಗಾರೆ ಮಾಡಿಸಿದರೆ ಅಲ್ಪ ಖರ್ಚಿನಲ್ಲಿ ನೂರಕ್ಕೆ ನೂರು ಅನುಕೂಲ. ಹಳೆಯ ಮನೆಯವರು ಗೋಡೆಯ ಬುಡದಲ್ಲಿ ಮಳೆನೀರು ನಿಲ್ಲದಂತೆ ಚರಂಡಿ ತೆಗೆಯಲಿ. ಚಾಪೆಯ ಕೆಳಗೆ ಒಣಹುಲ್ಲು ಹಾಸಲಿ ಅಥವಾ ಮಂಚ ಬಳಸಲಿ.

ಎರಡನೆಯ ಸೂತ್ರ: ಬೆಂಕಿ ಹೊರಗೆ, ಶಾಖ ಒಳಗೆ. ಹೊಗೆಗೂಡಿರುವ ಒಲೆಯ ತತ್ತ್ವವೂ ಇದೇ. ವಾರ್ಧಾದಲ್ಲಿ ೧೯೪೭ರ ಸುಮಾರಿಗೆ ಮಗನ್ ಒಲೆ, ೧೯೫೩ರಲ್ಲಿ ಹೈದರಾಬಾದಿನ ಡಾಕ್ಟರ್ ಎಸ್. ಪಿ. ರಾಜು ಅವರ ಹೊಗೆರಹಿತ ಒಲೆ ಬಂದವು. ಆ ದಶಕದಲ್ಲಿ ಸಮುದಾಯ ಅಭಿವೃದ್ಧಿ ಖಂಡಗಳ ಕಾರ್ಯಕರ್ತರು ಹಳ್ಳಿಗಳಲ್ಲಿ ಇಂಥ ಒಲೆಗಳನ್ನು ಹಾಕಿಸಲು ದುಡಿದರು. ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೂಪುಗೊಂಡ 'ಅಸ್ತ್ರ ಒಲೆ' ನಮ್ಮ ರಾಜ್ಯದ ಹಳ್ಳಿಗಳಿಗೆ ಬಂದಿತು. ಈಗ ಅಡುಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲ ಹಂಡೆಗೆ ಸೌದೆಯೇ ಇರುವ ಮನೆಗಳು ಬಹಳ. ಆ ಒಲೆಯ ಬಾಯಿಯನ್ನು ಹೊರಗಿನಿಂದ ಇರಿಸಿ, ಹೊಗೆಗೂಡನ್ನು ಹೆಂಚಿಗಿಂತ ಎರಡು ಮೂರು ಅಡಿ ಮೇಲಕ್ಕೆ ಎತ್ತಿ, ಆಗಾಗ್ಗೆ ಮಸಿ ಕೆಡವಿದರೆ ಬಿಸಿನೀರೂ ಸಿಗುತ್ತದೆ, ಹೊಗೆಯೂ ತಪ್ಪುತ್ತದೆ.

ಬಾಣಂತಿ ಕೋಣೆಯ ಕೆಂಡ

ಈಗ ಮೊದಲಿಗೆ ಹೇಳಿದ ಅಗ್ಗಿಷ್ಟಿಕೆಯ ವಿಷಯ. "ನಮ್ಮ ಕಾಲದಲ್ಲಿ ಕೆಂಡ ಇಡದ ಬಾಣಂತಿ ಕೋಣೆ ಇತ್ತೇನಪ್ಪ? ನಾವು ಹತ್ತು ಹೆತ್ತು ಬದುಕಲಿಲ್ಲವೇ?" ಎಂದು ಅಜ್ಜಿಯರು ಕೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕಬಾರದು, ಉತ್ತರ ಕೊಡಬೇಕು.

ಅಜ್ಜಿಯರ ಕಾಲದ ಮನೆಗೆ ಹೆಂಚಿನ ಅಥವಾ ಹುಲ್ಲಿನ ಸೂರು. ಸಂದು ಸಂದಿನಲ್ಲಿ ಗಾಳಿ ಆಡುತ್ತಿತ್ತು. ಗೋಡೆ ಸೂರಿಗೆ ಮುಟ್ಟುತ್ತಿರಲಿಲ್ಲ. ಆಗಲೂ ಅಪಾಯವಿರಲಿಲ್ಲವೆಂದಲ್ಲ, ಗಾಳಿಯ ದೆಸೆಯಿಂದ ಬಹುಮಟ್ಟಿಗೆ ತಪ್ಪುತ್ತಿತ್ತು. ಈಗ ಅದೇ ಸ್ಥಳದಲ್ಲಿ ಆರ್.ಸಿ.ಸಿ. ತಾರಸಿ ಬಂದಿದೆ. ಗಾಜಿನ ಕಿಟಕಿ ಬಿಗಿಯಾಗಿ ಮುಚ್ಚುತ್ತದೆ. ಬಾಗಿಲ ಕೆಳಗಿನ ಸಂದಿಗೂ ಬಾಣಂತಿಗೆ ಶೀತವಾಗದಿರಲೆಂದು ಗೋಣಿಚೀಲ ತುರುಕುತ್ತೇವೆ. ಮನೆ ಬದಲಾಯಿತು, ಕೆಂಡ ಬದಲಾಗಲಿಲ್ಲ. ಹಳೆಯ ಮನೆಯ ಕೆಂಡವನ್ನು ಹೊಸ ಮನೆಯೊಳಗೆ ಇಟ್ಟುದೇ ಕೇಡಿಗೆ ಮೂಲ. ಶಾಖವನ್ನು ಹಿಡಿದಿಡುವ ಮನೆ ವಿಷಗಾಳಿಯನ್ನೂ ಹಿಡಿದಿಡುತ್ತದೆ.

ಬೆಳಗಾಗುವಾಗ ಬಾಣಂತಿಗೆ ತಲೆ ಸಿಡಿಯುವುದು, ವಾಂತಿ ಬರುವುದು, ಮಗು ಮೊಲೆ ಕಚ್ಚದೆ ಮಂಕಾಗಿರುವುದು ಕಂಡರೆ ದೃಷ್ಟಿಯೆಂದೋ ಗಾಳಿ ಸೋಕಿತೆಂದೋ ನಿವಾಳಿಸುತ್ತಾ ಕೂಡಬಾರದು. ಕೆಂಡವಿದ್ದ ಕೋಣೆಯಾದರೆ ಕೂಡಲೇ ಬಾಗಿಲು ಕಿಟಕಿ ತೆರೆದು, ತಾಯಿ ಮಗುವನ್ನು ಬಯಲಿಗೆ ತಂದು, ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಪ್ರಾಣವಾಯು ಕೊಡುವುದೇ ಇದಕ್ಕೆ ಚಿಕಿತ್ಸೆ.

ಮಗುವಿಗೆ ಶಾಖ ಬೇಡವೇ? ಖಂಡಿತ ಬೇಕು. ಹಸುಗೂಸಿನ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೆ ಅತ್ಯುತ್ತಮ ಶಾಖ ತಾಯಿಯ ಮೈಯದೇ. ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ, ಮೇಲೆ ಬಟ್ಟೆ ಹೊದಿಸಿ, ತಲೆಗೆ ಕುಲಾವಿ ಹಾಕಿದರೆ ಮಗು ಬೆಚ್ಚಗಿರುತ್ತದೆ. ಹಾಲೂ ಚೆನ್ನಾಗಿ ಕುಡಿಯುತ್ತದೆ. ತೂಕ ಕಡಿಮೆಯಿರುವ ಮಕ್ಕಳಿಗೆ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದನ್ನೇ ಮಾಡಿಸುತ್ತಾರೆ. ಹುಟ್ಟಿದ ಮೊದಲ ದಿನ ಮಗುವಿಗೆ ನೀರು ಹಾಕದಿರುವುದು ಒಳ್ಳೆಯದು. ತಾಯಿಯ ಬೆನ್ನಿಗೆ ಬಿಸಿನೀರಿನ ಚೀಲ ಕೊಡಬಹುದು. ಮಗುವಿನ ಮೈಗೆ ಅದನ್ನು ತಗಲಿಸಬಾರದು. ಕೋಣೆಯನ್ನು ಆರಿಸುವಾಗ ಬಚ್ಚಲ ಹಂಡೆಯೊಲೆಯ ಗೋಡೆಗೆ ತಗಲಿದ ಕೋಣೆ ಸಿಕ್ಕಿದರೆ ಅದನ್ನೇ ಆರಿಸಿ. ಗೋಡೆಯಲ್ಲಿ ಬಿರುಕಿಲ್ಲವೆಂದು ಮೊದಲು ನೋಡಿಕೊಳ್ಳಿ. ಬೆಂಕಿ ಆಚೆ, ಬೆಚ್ಚನೆ ಈಚೆ. ಕೊರಿಯದವರು ನೆಲದಿಂದ ಪಡೆದುದನ್ನು ನಾವು ಗೋಡೆಯಿಂದ ಪಡೆದಂತಾಯಿತು.

ನೆನಪಿಡತಕ್ಕ ಅಂಶಗಳು

೧. ಜನ ಮಲಗುವ ಕೋಣೆಯಲ್ಲಿ ಕೆಂಡ, ಇದ್ದಲು, ಶೆಗಡಿ ಇಡಬಾರದು. ಹೊಗೆ ಕಾಣದ ಕೆಂಡ ನಿರಪಾಯವೆಂದು ಭಾವಿಸಬಾರದು.

೨. ಸಾಂಬ್ರಾಣಿ ಹೊಗೆ ಹಾಕುವ ಪದ್ಧತಿಯಿದ್ದರೆ ಬಾಗಿಲು ತೆರೆದು ಹಾಕಿ, ಮುಗಿದೊಡನೆ ಕೆಂಡವನ್ನು ಹೊರಗೆ ಒಯ್ಯಬೇಕು. ಹಸುಗೂಸಿಗೆ ಹೊಗೆ ತೋರಿಸದಿರುವುದೇ ಲೇಸು.

೩. ಹೊಸ ಮನೆಗಳ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಹೊರಗೋಡೆಗೆ ಸಾಗಿಸಬೇಕು. ಗಾಳಿಯಾಡದ ಬಚ್ಚಲಿನಲ್ಲಿ ಅದರಿಂದಲೂ ಇದೇ ವಿಷಾನಿಲ ಬರುತ್ತದೆ.

೪. ಕೋಳಿಮರಿ ಸಾಕುವ ಶೆಡ್ಡಿನಲ್ಲಿ ಇದ್ದಲು ಒಲೆ ಇಟ್ಟಿದ್ದರೆ ಕಾವಲಿನವರು ಅಲ್ಲಿಯೇ ಮಲಗಬಾರದು. ಮೇಲೆ ಗಾಳಿಕಂಡಿ ತೆರೆದಿರಬೇಕು.

೫. ಹೊಸ ಮನೆಗೆ ತಾರಸಿ ಹಾಕಿಸುವವರು ಪ್ರತಿ ಕೋಣೆಗೂ ಮುಚ್ಚಲಾಗದ ಒಂದು ಗಾಳಿಕಂಡಿಯನ್ನು ಸೂರಿನ ಹತ್ತಿರ ಬಿಡಿಸಬೇಕು. ಇದಕ್ಕೆ ಮೇಸ್ತ್ರಿಯ ಅರ್ಧ ದಿನದ ಕೆಲಸವೂ ಹಿಡಿಯುವುದಿಲ್ಲ.

ಈ ಸಲದ ಚಳಿಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಮನೆಯ ಬಾಣಂತಿ ಕೋಣೆಯನ್ನು ಒಮ್ಮೆ ಕಣ್ಣಿಟ್ಟು ನೋಡಲಿ. ಮಹಿಳಾ ಸಂಘದ ಸಭೆಯಲ್ಲಿ, ಅಂಗನವಾಡಿಯಲ್ಲಿ ಈ ವಿಷಯವನ್ನು ಓದಿ ಹೇಳಲಿ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ತಿಳಿಸಲಿ.